ಮ್ಯಾಪಿಗೆ ನಕ್ಷತ್ರ ಬೇಡ

ಮಂಗಳೂರಿನ ನಮ್ಮ ಸಣ್ಣ ಕಚೇರಿಯಲ್ಲಿ ಗೋ ಭಾಷೆಯ ಕೋಡ್ ಪರಿಶೀಲಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಸಿ ಭಾಷೆ ಕಲಿತು ಬಂದ ಹುಡುಗರು ಫಂಕ್ಷನ್ನಿಗೆ ಮ್ಯಾಪ್ (ಹೆಸರಿಗೊಂದು ಮೌಲ್ಯ ಜೋಡಿಸಿಡುವ ಪಟ್ಟಿ) ಕೊಡುವಾಗ ಪಾಯಿಂಟರಿನ, ಅಂದರೆ ವಸ್ತುವಿನ ಬದಲು ಅದರ ವಿಳಾಸ ಕೊಡುವ, ನಕ್ಷತ್ರವೊಂದನ್ನು (*) ಅಂಟಿಸಿಯೇ ಅಂಟಿಸುತ್ತಾರೆ. ನಾನು ಕೀಳಿಸಿಯೇ ಕೀಳಿಸುತ್ತೇನೆ.

“ನಕ್ಷತ್ರ ಇಲ್ಲದಿದ್ದರೆ ಇಡೀ ಮ್ಯಾಪ್ ನಕಲಾಗುವುದಿಲ್ಲವೇ ಮೇಡಂ?”

ಇಲ್ಲ ಮಾರಾಯ. ಗೋದಲ್ಲಿ ಎಲ್ಲವೂ ನಕಲಾಗಿಯೇ ಹೋಗುತ್ತದೆ, ನಿಜ. ಆದರೆ ಮ್ಯಾಪಿನಲ್ಲಿ ನಕಲಾಗುವುದು ಒಳಗಿನ ಕೋಷ್ಟಕದ ವಿಳಾಸ ಮಾತ್ರ. 64 ಬಿಟ್ ಯಂತ್ರದಲ್ಲಿ 8 ಬೈಟ್. ಮೀನುಗಾರಿಕಾ ಧಕ್ಕೆಯ ವ್ಯಾಪಾರಿಯೊಬ್ಬರಿಗೆ ಮಾಡಿಕೊಟ್ಟ ಮೀನಿನ ಬೆಲೆಪಟ್ಟಿಯನ್ನೇ ನೋಡಿ. ಫಂಕ್ಷನ್ ಒಳಗೆ ದರ["ಬಂಗುಡೆ"] = 220 ಎಂದು ಬರೆದರೆ ಕರೆದವರ ಪಟ್ಟಿಯಲ್ಲೂ ಬಂಗುಡೆಗೆ 220. ಬೂತಾಯಿಯನ್ನು ಅಳಿಸಿದರೆ ಅಲ್ಲೂ ಬೂತಾಯಿ ಇಲ್ಲ. (‘ದರ’ ಎಂಬ ಹೆಸರನ್ನು ಗೋ ಒಪ್ಪುತ್ತದೆ, ‘ಮೀನು’ ಎಂದರೆ ಒಪ್ಪುವುದಿಲ್ಲ. ದೀರ್ಘ, ಕೊಂಬು ಇತ್ಯಾದಿ ಅದರ ಲೆಕ್ಕಕ್ಕೆ ಅಕ್ಷರಗಳೇ ಅಲ್ಲ!)

ಒಳಗೆ ‘ದರ’ಕ್ಕೆ ಬೇರೆಯೇ ಒಂದು ಮ್ಯಾಪನ್ನು ಕೊಟ್ಟಾಗ ಮಾತ್ರ ಕಥೆ ಬದಲಾಗುತ್ತದೆ. ಆಗ ಹೊರಗಿನವರ ಕೈಯಲ್ಲಿ ಹಳೆಯ ಪಟ್ಟಿಯೇ ಉಳಿಯುತ್ತದೆ. ನಕ್ಷತ್ರದಿಂದ ಇದನ್ನು ಸರಿಪಡಿಸಬಹುದು, ಆದರೆ ಪ್ರತಿ ಸಲವೂ (*ದರ)["ಬಂಗುಡೆ"] ಎಂದು ಆವರಣ ಹಾಕಿ ಬರೆಯುವ ಕರ್ಮ ಯಾರಿಗೆ ಬೇಕು? ಹೊಸ ಮ್ಯಾಪನ್ನು ರಿಟರ್ನ್ ಮಾಡಿ. ಕರೆಯುವ ಸಾಲನ್ನು ಓದಿದರೇ ಪಟ್ಟಿ ಬದಲಾಗುತ್ತದೆಂದು ತಿಳಿಯುತ್ತದೆ. ನಿಲ್ ಮ್ಯಾಪ್, ಅಂದರೆ ಇನ್ನೂ ಸೃಷ್ಟಿಸದ ಮ್ಯಾಪ್, ಬಂದರೆ ಓದುವುದಕ್ಕೆ ತೊಂದರೆಯಿಲ್ಲ, ಸೊನ್ನೆ ಸಿಗುತ್ತದೆ. ಬರೆಯಹೋದರೆ ಪ್ಯಾನಿಕ್, ಪ್ರೋಗ್ರಾಂ ಕುಸಿಯುತ್ತದೆ.

ನನ್ನ ನಿಜವಾದ ತಕರಾರು ಬೇರೆ. ಸಿ++ನಲ್ಲಿ ಕಾನ್ಸ್ಟ್ ರೆಫರೆನ್ಸ್ ಎಂದು ಬರೆದರೆ ಫಂಕ್ಷನ್ ಆ ಮ್ಯಾಪನ್ನು ಮುಟ್ಟುವುದಿಲ್ಲವೆಂಬ ಭರವಸೆ ಸಿಗುತ್ತದೆ. ಗೋದಲ್ಲಿ ಅಂಥ ಕಟ್ಟುಪಾಡೇ ಇಲ್ಲ. ರಿಯಾಯಿತಿ ಲೆಕ್ಕ ಹಾಕಲೆಂದು ಕೊಟ್ಟ ಮೂಲ ಪಟ್ಟಿಯನ್ನೇ ಫಂಕ್ಷನ್ ತಿದ್ದಿಬಿಟ್ಟರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಆದ್ದರಿಂದ ತಿದ್ದುವ ಫಂಕ್ಷನ್ ತನ್ನ ಹೆಸರಿನಲ್ಲೇ ಅದನ್ನು ಹೇಳಬೇಕು, ಉಳಿದವು ಮೊದಲು ನಕಲು ಮಾಡಿಕೊಳ್ಳಬೇಕು ಎಂಬುದು ನನ್ನ ಹಟ. 2023ರಲ್ಲಿ ಬಂದ 1.21ನೇ ಆವೃತ್ತಿಯಿಂದ ಇದಕ್ಕೆ ಮ್ಯಾಪ್ಸ್ ಪ್ಯಾಕೇಜಿನಲ್ಲಿ ಕ್ಲೋನ್ ಇದೆ.

ಅದೂ ಮೇಲ್ಪದರದ ನಕಲು. ನಮ್ಮ ಇನ್ನೊಂದು ಪಟ್ಟಿಯಲ್ಲಿ ಅಂಜಲ್‌ಗೆ ಗಾತ್ರಕ್ಕೊಂದು ದರ, ಎಲ್ಲವೂ ಒಂದು ಸ್ಲೈಸಿನಲ್ಲಿ (ಮೌಲ್ಯಗಳನ್ನು ಸಾಲಾಗಿ ಇಡುವ ಗೋದ ಪಟ್ಟಿ). ಕ್ಲೋನ್ ಮಾಡಿದ ಮೇಲೂ ಎರಡು ಮ್ಯಾಪುಗಳಿಗೂ ಆ ಸ್ಲೈಸಿನ ದರಗಳು ಒಂದೇ. ಇಲ್ಲಿ ದೊಡ್ಡ ಅಂಜಲ್‌ನ ಬೆಲೆ ಇಳಿಸಿದರೆ ಅಲ್ಲೂ ಇಳಿಯುತ್ತದೆ. ಅಂಥ ಕಡೆ ಲೂಪ್ ಹಾಕಿ ಒಂದೊಂದು ಸ್ಲೈಸನ್ನೂ ಬೇರೆಯಾಗಿ ಕ್ಲೋನ್ ಮಾಡಿಸುತ್ತೇನೆ.