ನಾಲ್ಕು ಜನರಿಗೆ ಎಷ್ಟು ಗಾಬ್ಲಿನ್?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಲು ಹೊಸದಾಗಿ ಕೂತವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ‘ನಮ್ಮಲ್ಲಿ ನಾಲ್ಕು ಜನ ಆಡ್ತಾರೆ, ಎಲ್ಲರೂ ಮೂರನೇ ಲೆವೆಲ್. ಎಷ್ಟು ಗಾಬ್ಲಿನ್ ಬಿಡಲಿ? ಕಾದಾಟ ಸಪ್ಪೆ ಆಗಬಾರದು, ಹಾಗಂತ ಎಲ್ಲರೂ ಸಾಯಲೂಬಾರದು.’

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಡಿಎಂ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರ ಎಷ್ಟು ಪಳಗಿದೆ ಎಂಬುದರ ಅಳತೆಯೇ ಲೆವೆಲ್. ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾರಿಯಲ್ಲಿ ಪಾತ್ರಗಳಿಗೆ ಯಾರಾದರೂ ಎದುರಾದರೆ ಅದನ್ನು ಎನ್‌ಕೌಂಟರ್ ಎನ್ನುತ್ತಾರೆ. ನಮ್ಮಲ್ಲಿ ಆ ಪದ ಕಿವಿಗೆ ಬಿದ್ದರೆ ಪೊಲೀಸರ ಗುಂಡೇ ನೆನಪಾಗುತ್ತದೆ, ಅದಕ್ಕೇ ನಾನು ಮುಖಾಮುಖಿ ಎನ್ನುತ್ತೇನೆ. ಎದುರಿಗೆ ಬರುವವರನ್ನು ರಾಕ್ಷಸರು ಎನ್ನಬಹುದಿತ್ತು. ಆದರೆ ರಾಕ್ಷಸ ಎಂಬ ಹೆಸರಿನದೇ ಒಂದು ಜೀವಿ ಈ ಆಟದಲ್ಲಿದೆ, ಹುಲಿಯ ಮುಖ, ಹಿಂದುಮುಂದಾದ ಅಂಗೈ. ಹಾಗಾಗಿ ಉಳಿದವರೆಲ್ಲ ನನಗೆ ಮಾನ್‌ಸ್ಟರ್‌ಗಳು. ಅವುಗಳಲ್ಲಿ ಗಾಬ್ಲಿನ್ ಗಿಡ್ಡದು, ಓಗರ್ ದೈತ್ಯ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಅದಿಲ್ಲದೆ ಆಗುವುದಿಲ್ಲ. 2014ರ ಐದನೇ ಆವೃತ್ತಿಯಲ್ಲಿ ಪ್ರತಿ ಮಾನ್‌ಸ್ಟರ್‌ಗೂ ಇಷ್ಟು ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಎಂದಿದೆ. ಗಾಬ್ಲಿನ್‌ಗೆ 50, ಓಗರ್‌ಗೆ 450. ಮೂರನೇ ಲೆವೆಲ್ಲಿನ ನಾಲ್ವರಿಗೆ 300 ಅಂದರೆ ಸುಲಭ, 600 ಮಧ್ಯಮ, 900 ಕಷ್ಟ, 1600 ಪ್ರಾಣಕ್ಕೇ ಕುತ್ತು. ಈ ಪ್ರಕಾರ ಒಂಟಿ ಓಗರ್ ಸುಲಭ. ಎಂಟು ಗಾಬ್ಲಿನ್ ಕೂಡಿದರೆ 400, ಓಗರ್‌ಗಿಂತಲೂ ಕಡಿಮೆ. ಆದರೆ ಗುಂಪಾಗಿ ಬಂದರೆ ಗುಣಿಸಬೇಕು. ಏಳರಿಂದ ಹತ್ತು ಇದ್ದರೆ ಎರಡೂವರೆ ಪಟ್ಟು. 400 ಹೋಗಿ 1000 ಆಯಿತು, ಕಷ್ಟದ ಗೆರೆ ದಾಟಿತು.

ಯಾಕೆ ಗುಣಿಸಬೇಕು ಎಂಬುದು ನನಗೆ ಅರ್ಥವಾದದ್ದು ಒಂದು ಓಗರ್ ಸತ್ತ ಮೇಲೆ. ಹಾಳು ಕೋಟೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿದ್ದೆ. 59 ಹಿಟ್ ಪಾಯಿಂಟ್ (ಅಷ್ಟು ಪೆಟ್ಟು ತಿಂದರೆ ಬೀಳುತ್ತದೆ), ಗದೆಯ ಒಂದು ಏಟಿಗೆ ಸರಾಸರಿ 13. ಇಡೀ ಸಂಜೆ ಆ ಬಾಗಿಲಲ್ಲೇ ಕಳೆಯುತ್ತದೆ ಎಂದುಕೊಂಡಿದ್ದೆ. ಆದರೆ ಅದರ ಮೈಗೆ ಏಟು ತಾಗಿಸಲು ದಾಳದ ಅಂಕಿಗೆ ಪಾತ್ರದ ಬಲ ಕೂಡಿಸಿ 11 ಬಂದರೆ ಸಾಕು, ಮತ್ತು ಎದುರಿಗೆ ನಾಲ್ಕು ಜನ. ಅದು ಒಂದು ಸಲ ಗದೆ ಎತ್ತುವಷ್ಟರಲ್ಲಿ ಇವರು ನಾಲ್ಕು ಸಲ ಹೊಡೆದಿರುತ್ತಾರೆ. ಎರಡನೇ ರೌಂಡ್ ಮುಗಿಯುವ ಮೊದಲೇ ಬಿತ್ತು. ‘ಇಷ್ಟೇನಾ ಗುರು?’ ಎಂದ ಹುಡುಗನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದು ನನಗೆ ನಿಜವಾಗಿಯೂ ನೋವು ಕೊಟ್ಟಿತು.

ಕಾದಾಟದಲ್ಲಿ ಎಣಿಸಬೇಕಾದದ್ದು ಸರದಿಗಳನ್ನು. ಎಂಟು ಗಾಬ್ಲಿನ್ ಎಂದರೆ ಒಂದು ರೌಂಡಿಗೆ ಎಂಟು ಬಾಣ, ತಾಗಿದ ಒಂದೊಂದಕ್ಕೂ ಐದು ಐದೂವರೆ ಪೆಟ್ಟು. ಮೂರನೇ ಲೆವೆಲ್ಲಿನ ಮಾಂತ್ರಿಕನ ಹತ್ತಿರ ಕವಚವಿಲ್ಲ, ಹಿಟ್ ಪಾಯಿಂಟ್ 17ರ ಆಸುಪಾಸು. ಎಂಟೂ ಅವನ ಮೇಲೇ ಗುರಿಯಿಟ್ಟರೆ ಅವನ ಸರದಿ ಬರುವುದೇ ಇಲ್ಲ. 2024ರ ಹೊಸ ಮಾರ್ಗದರ್ಶಿಯಲ್ಲಿ ಈ ಗುಣಿಸುವ ಕೆಲಸವನ್ನು ತೆಗೆದುಬಿಟ್ಟಿದ್ದಾರೆ, ಸಂಖ್ಯೆ ಹೆಚ್ಚಿದರೆ ಜೋಪಾನ ಎಂದು ಬೇರೆಯಾಗಿ ಹೇಳಿದ್ದಾರೆ. ಲೆಕ್ಕ ಸುಲಭವಾಯಿತು, ಒಪ್ಪುತ್ತೇನೆ. ಆದರೂ ಐದನೇ ಲೆವೆಲ್ ದಾಟುವವರೆಗೆ ನಾನು ಹಳೆಯ ಗುಣಾಕಾರವನ್ನೇ ಮಾಡುತ್ತೇನೆ.

ಇಷ್ಟು ಹೇಳಿದ ಮೇಲೆ ಕೇಳಿದವರು ‘ಸರಿ, ಆರು ಬಿಡ್ತೀನಿ’ ಎಂದು ಹೊರಡುತ್ತಾರೆ. ನಾನು ತಡೆದು ಕೇಳುತ್ತೇನೆ: ಆ ಆರಕ್ಕೂ ಏನು ಬೇಕು?

ಬಕಾಸುರನನ್ನು ನೆನೆಸಿಕೊಳ್ಳಿ. ಅವನ ತೋಳಿನ ಬಲ ಎಷ್ಟಿತ್ತು ಎಂದು ಯಾರಿಗೂ ನೆನಪಿಲ್ಲ, ಬಂಡಿ ಅನ್ನ ಮಾತ್ರ ಎಲ್ಲರಿಗೂ ನೆನಪಿದೆ. ಅವನಿಗೆ ಅನ್ನ ಬೇಕು, ಬಂಡಿ ಎಳೆದು ತಂದ ಪ್ರಾಣಿಗಳು ಬೇಕು, ತಂದವನೂ ಬೇಕು. ಊರಿನೊಂದಿಗೆ ಅವನಿಗೆ ಒಪ್ಪಂದವಿದೆ, ಮನೆಗೊಂದು ಸರದಿ ಇದೆ. ಹಾಗಿರುವುದರಿಂದಲೇ ಬೆನ್ನಿಗೆ ಗುದ್ದು ಬೀಳುತ್ತಿದ್ದರೂ ತಿರುಗಿ ನೋಡದೆ ಭೀಮ ಆ ಅನ್ನ ಉಣ್ಣುವುದು ನಮಗೆ ಅಷ್ಟು ರುಚಿಸುತ್ತದೆ. ಕಾಡಿನ ನಡುವೆ ಒಬ್ಬ ದೈತ್ಯ ಸುಮ್ಮನೆ ಅಡ್ಡ ನಿಂತಿದ್ದ, ಭೀಮ ಕೊಂದ ಎಂದಿದ್ದರೆ ಅಜ್ಜಿಯರು ಆ ಕಥೆಯನ್ನು ಎರಡನೇ ಸಲ ಹೇಳುತ್ತಿರಲಿಲ್ಲ.

ಹಾಗಾಗಿ ಚೀಟಿಯಲ್ಲಿ ಸಂಖ್ಯೆಗಿಂತ ಮೊದಲು ಬೇಕಾದದ್ದನ್ನು ಬರೆಯುತ್ತೇನೆ. ಒಂದು ಸಲ ಬರೆದದ್ದು ಇಷ್ಟು: ‘ಎಂಟು ಗಾಬ್ಲಿನ್. ಹಳ್ಳದ ದಂಡೆ. ಉಪ್ಪಿನ ಮೂಟೆ ಹೊತ್ತ ಹೇಸರಗತ್ತೆ ಬೇಕು. ಮನುಷ್ಯರು ಬೇಕಾಗಿಲ್ಲ.’ ಆಟಗಾರರ ಹತ್ತಿರ ಅಂಥದೊಂದು ಹೇಸರಗತ್ತೆ ಇತ್ತು. ನಾಲ್ಕು ಸೆಷನ್ನಿನಿಂದ ಅದನ್ನು ಮುದ್ದು ಮಾಡಿಕೊಂಡು ಬಂದಿದ್ದರು.

ಬೇಕಾದದ್ದು ಗೊತ್ತಾದ ಕೂಡಲೇ ಯಾರು ಎಲ್ಲಿ ನಿಲ್ಲಬೇಕು ಎಂಬುದೂ ತಾನಾಗಿ ಹೊಳೆಯಿತು. ನೀರು ಮೊಣಕಾಲುದ್ದ ಇರುವ ಕಡೆ ಕತ್ತೆ ನಿಧಾನವಾಗುತ್ತದೆ, ಕದಿಯುವುದಾದರೆ ಅಲ್ಲೇ. ಆರು ಗಾಬ್ಲಿನ್ ಬಂಡೆಗಳ ಹಿಂದೆ ಬಿಲ್ಲು ಹಿಡಿದು ಕೂರಬೇಕು, ಎರಡು ಆಚೆ ದಡದ ಜೊಂಡಿನಲ್ಲಿ ಕತ್ತೆಯ ಹಗ್ಗ ಕತ್ತರಿಸಲು ಕಾಯಬೇಕು. ಗಾಬ್ಲಿನ್‌ಗೆ ಒಂದು ವಿಶೇಷ ಶಕ್ತಿಯಿದೆ: ಬಾಣ ಬಿಟ್ಟು ಅದೇ ಸರದಿಯಲ್ಲಿ ಮತ್ತೆ ಅಡಗಬಲ್ಲದು. ಬಟ್ಟಬಯಲಿನಲ್ಲಿ ಆ ಶಕ್ತಿ ಇದ್ದೂ ಇಲ್ಲದ ಹಾಗೆ. ಬಂಡೆಯಿದ್ದರೆ ಅದೇ ಗಾಬ್ಲಿನ್ ಎರಡರಷ್ಟು ಗಟ್ಟಿ, ಎಕ್ಸ್‌ಪಿ ಮಾತ್ರ ಅದೇ 50. ಈ ವ್ಯತ್ಯಾಸ ಯಾವ ಕೋಷ್ಟಕದಲ್ಲೂ ಇಲ್ಲ.

ಅವು ಯಾವಾಗ ಓಡುತ್ತವೆ ಎಂಬುದನ್ನೂ ಮೊದಲೇ ನಿರ್ಧರಿಸಿರಬೇಕು. 1981ರ ಬೇಸಿಕ್ ನಿಯಮಗಳಲ್ಲಿ ಇದಕ್ಕೊಂದು ಸೊಗಸಾದ ದಾರಿಯಿತ್ತು. ತಮ್ಮ ಕಡೆ ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ, ಆರು ಮುಖದ ಎರಡು ದಾಳ ಉರುಳಿಸಬೇಕು. ಗಾಬ್ಲಿನ್‌ನ ಧೈರ್ಯ 7. ಅದಕ್ಕಿಂತ ಹೆಚ್ಚು ಬಂದರೆ ಕಾಲಿಗೆ ಬುದ್ಧಿ ಹೇಳುತ್ತವೆ. ಈಗಿನ ಆವೃತ್ತಿ ಆಡಿಸುವಾಗಲೂ ನಾನು ಇದನ್ನು ಬಿಟ್ಟಿಲ್ಲ. ಕೊನೆಯ ಗಾಬ್ಲಿನ್‌ನ ಕೊನೆಯ ಎರಡು ಹಿಟ್ ಪಾಯಿಂಟ್ ಮುಗಿಯುವವರೆಗೆ ಹೊಡೆಯುತ್ತಲೇ ಇರುವ ಬೇಸರದಿಂದ ಇದೊಂದೇ ಪಾರು ಮಾಡುತ್ತದೆ.

ಇನ್ನೊಂದು ವಿಷಯ, ದೊಡ್ಡ ಮಾನ್‌ಸ್ಟರ್ ತರುವವರಿಗೆ. 2014ರ ನಿಯಮದಂತೆ ಟ್ರೋಲ್‌ಗೆ ಬೆಂಕಿಯೋ ಆಸಿಡ್ಡೋ ತಾಗದಿದ್ದರೆ ಪ್ರತಿ ಸರದಿಯಲ್ಲೂ 10 ಹಿಟ್ ಪಾಯಿಂಟ್ ಮರಳಿ ಬರುತ್ತದೆ. ಇದು ಗೊತ್ತಿಲ್ಲದ ಆಟಗಾರರ ಎದುರು ಅದನ್ನು ದಿಢೀರನೆ ತಂದು ನಿಲ್ಲಿಸುವುದು ಅನ್ಯಾಯ. ಬಯಲಾಟದಲ್ಲಿ ಬಣ್ಣದ ವೇಷ ಒಮ್ಮೆಗೇ ರಂಗಕ್ಕೆ ನುಗ್ಗುತ್ತದೆಯೇ? ತೆರೆಯ ಹಿಂದಿನಿಂದ ಮೊದಲು ಆರ್ಭಟ, ಆಮೇಲೆ ಕಿರೀಟದ ತುದಿ, ಎಲ್ಲ ಆದ ಮೇಲೆ ಮುಖ. ಅಷ್ಟರಲ್ಲಿ ನಿದ್ದೆ ಹೋದ ಮಕ್ಕಳೂ ಎದ್ದು ಕೂತಿರುತ್ತಾರೆ. ಟ್ರೋಲ್‌ಗೂ ಹಾಗೆ ತೆರೆ ಹಿಡಿಯಬೇಕು. ಹಿಂದಿನ ಊರಿನಲ್ಲಿ ಹಗಲಲ್ಲೂ ಪಂಜು ಹಿಡಿದು ಓಡಾಡುವ ಜನ ಕಾಣಲಿ. ದಾರಿಯಲ್ಲಿ ಸುಟ್ಟು ಕರಕಲಾದ, ಮನುಷ್ಯನದಲ್ಲದ ತೋಳೊಂದು ಸಿಗಲಿ.

ಇಷ್ಟಾದ ಮೇಲೂ ಲೆಕ್ಕ ತಪ್ಪಬಹುದು, ದಾಳ ಕೈಕೊಡಬಹುದು. ಆಗ ಗುಟ್ಟಾಗಿ ದಾಳದ ಅಂಕಿ ಬದಲಿಸಬಹುದಾ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಆಟಗಾರರು ನಿಮ್ಮ ದಾಳ ನಂಬಿ ಕೂತಿದ್ದಾರೆ.

ಆ ಹಳ್ಳದಲ್ಲಿ ಆದದ್ದನ್ನೇ ಹೇಳುತ್ತೇನೆ. ಮಾಂತ್ರಿಕನ ಪಾತ್ರ ಆಡುವ ಹುಡುಗಿಯ ಸರದಿ ಮೊದಲು ಬಂತು, ನಿದ್ದೆಯ ಮಂತ್ರ ಹಾಕಿದಳು. ಐದು ದಾಳ ಕೂಡಿ 24, ಒಟ್ಟು ಅಷ್ಟು ಹಿಟ್ ಪಾಯಿಂಟಿನವರನ್ನು ಮಂತ್ರ ಮಲಗಿಸುತ್ತದೆ. ಏಳೇಳು ಹಿಟ್ ಪಾಯಿಂಟಿನ ಮೂರು ಗಾಬ್ಲಿನ್ ಬಂಡೆಯ ಹಿಂದೆಯೇ ಮಲಗಿದವು. ಯಾರಿಗೆ ಹೊಡೆಯಬೇಕು ಎಂದು ಉಳಿದವಕ್ಕೆ ಗೊತ್ತಾಯಿತು. ಬಂಡೆಯ ಹಿಂದೆ ಎಚ್ಚರವಿದ್ದ ಮೂರರ ಬಾಣಗಳೂ ತಾಗಿದವು: 6, 5, 7. ಅವಳ 17 ಮುಗಿಯಿತು, ಮಾಂತ್ರಿಕ ನೀರಿಗೆ ಬಿದ್ದ. ಟೇಬಲ್ ಸುತ್ತ ಉಸಿರಿಲ್ಲ. ಕತ್ತಿಯವನು ದಡ ಹತ್ತಿ ಒಂದನ್ನು ಕೆಡವಿದ. ಮೊದಲ ಸಾವು, ಹಾಗಾಗಿ ಧೈರ್ಯದ ದಾಳ ಉರುಳಿಸಿದೆ, ಎಲ್ಲರ ಕಣ್ಣೆದುರೇ. 9 ಬಂತು.

ಉಳಿದ ನಾಲ್ಕು ಗಾಬ್ಲಿನ್‌ಗಳಿಗೆ ಮಾಂತ್ರಿಕನ ಪ್ರಾಣ ಬೇಕಿರಲಿಲ್ಲ. ಹಗ್ಗ ಆಗಲೇ ಕತ್ತರಿಸಿ ಆಗಿತ್ತು. ಕತ್ತೆಯ ಬೆನ್ನಟ್ಟುವುದೋ ನೀರಲ್ಲಿ ಬಿದ್ದವನನ್ನು ಎತ್ತುವುದೋ ಎಂದು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೂಜಾರಿಯ ಪಾತ್ರದ ಹುಡುಗ ‘ಲೋ, ಮೊದಲು ಅವಳನ್ನ ನೋಡ್ರೋ’ ಎಂದು ನೀರಿಗಿಳಿದ. ಮಾಂತ್ರಿಕ ಬದುಕಿದ, ಕತ್ತೆ ಹೋಯಿತು. ಮುಂದಿನ ಮೂರು ಸೆಷನ್ ಅವರು ಬೇರೆ ಏನನ್ನೂ ಮಾಡಲಿಲ್ಲ. ನಿದ್ದೆ ಹೋಗಿದ್ದ ಮೂರು ಗಾಬ್ಲಿನ್‌ಗಳನ್ನು ಕಟ್ಟಿಹಾಕಿ, ರೊಟ್ಟಿ ಕೊಟ್ಟು, ದಾರಿ ಕೇಳಿಕೊಂಡು, ಆ ಕತ್ತೆಯನ್ನೇ ಹುಡುಕಿದರು.