ಬ್ರೂಜ್‌ನಲ್ಲಿ ಅಪ್ಪ ಹೂಳಿನ ಬಗ್ಗೆ ಕೇಳಿದರು

ಭಾನುವಾರ, 25 ಮೇ 2025
ಐಂಡ್‌ಹೋವನ್, ನೆದರ್ಲೆಂಡ್ಸ್

ನಿನ್ನೆ ಬೆಲ್ಜಿಯಂನ ಬ್ರೂಜ್‌ಗೆ ಹೋಗಿ ಬಂದೆವು. ಫೋಟೋ ಎಲ್ಲ ಫ್ಯಾಮಿಲಿ ಗ್ರೂಪಿಗೆ ಹಾಕಿ ಆಯಿತು. ದೊಡ್ಡಮ್ಮನ ಹಾರ್ಟೂ ಬಂತು. ಅಪ್ಪ ಅಲ್ಲಿ ಹೇಳಿದ ಮಾತನ್ನು ಮಾತ್ರ ಇನ್ನೂ ಯಾರಿಗೂ ಹೇಳಿಲ್ಲ. ಮನೆಯವರು ಯಾರೂ ಈ ಬ್ಲಾಗ್ ಓದುವುದಿಲ್ಲ ಎನ್ನುವ ಧೈರ್ಯದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ದಾರಿ ಎರಡು ಗಂಟೆಯದ್ದು. ಆಂಟ್‌ವರ್ಪ್ ರಿಂಗ್ ರೋಡ್ ಅದನ್ನು ಮೂರು ಮಾಡಿತು, ಅಲ್ಲಿ ಯಾವತ್ತೂ ಅಷ್ಟೇ. ಅಮ್ಮ 'ಗಡಿ ಬಂದಾಗ ಹೇಳು, ಪಾಸ್‌ಪೋರ್ಟ್ ತೆಗೀತೀನಿ' ಎಂದು ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಗಡಿ ದಾಟಿ ಎಷ್ಟೋ ಹೊತ್ತಾಯಿತು ಅಂತ ಗೆಂಟ್ ಹತ್ತಿರ ಹೇಳಿದೆ. ನಂಬಲಿಲ್ಲ. ಬೆಳಗಾವಿಗೆ ಹೋದರೂ ಒಂದು ಚೆಕ್‌ಪೋಸ್ಟ್ ಇರುತ್ತೆ, ದೇಶಕ್ಕೆ ದೇಶ ದಾಟಿದರೆ ಏನೂ ಇಲ್ವಾ ಎಂದು ಕೇಳಿದರು. ಸಪ್ಪಗಾದರು ಕೂಡ.

ಊರು ಚೆಂದ ಇದೆ, ಅದನ್ನು ನಾನು ಹೇಳಬೇಕಾಗಿಲ್ಲ. ಜನ ಜಾಸ್ತಿ. ಪುಟ್ಟ ಮತ್ತು ಇವರು ಗಂಟೆ ಗೋಪುರದ 366 ಮೆಟ್ಟಿಲು ಹತ್ತಿ ಬೆವರಿಳಿಸಿಕೊಂಡು ಬಂದರು. ಅಮ್ಮ ದೊಡ್ಡ ಚರ್ಚಿನಲ್ಲಿ ಮೈಕೆಲೆಂಜಲೋನ ತಾಯಿ ಮಗುವಿನ ಮುಂದೆ ನಿಂತುಬಿಟ್ಟರು. 1944ರಲ್ಲಿ ಜರ್ಮನ್ನರು ಹೊತ್ತೊಯ್ದ ಮೂರ್ತಿ ಅದು, ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ ಸಿಕ್ಕಿತಂತೆ ಎಂದೆ. ಅಮ್ಮನಿಗೆ ಅದು ಬೇಕಿರಲಿಲ್ಲ. 'ಮಗು ನೋಡು, ಇನ್ನೇನು ತೊಡೆ ಬಿಟ್ಟು ಇಳಿದು ಓಡುತ್ತೆ' ಎಂದರು. ನಿಜ, ಹಾಗೇ ಇದೆ. ಆಮೇಲೆ ವಾಫಲ್ ತಿನ್ನುವಾಗ ಪುಟ್ಟ ಹಂಸ ನೋಡಿ ಹೆದರಿದ, ಅಮ್ಮ ನಕ್ಕರು.

ಅಪ್ಪನಿಗೆ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ. ನಿಮಗೆ ಗೊತ್ತಲ್ಲ ಅಪ್ಪ. ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಯ ಮೇಲೆ ಜೀಪಿನಲ್ಲಿ ಓಡಾಡಿಯೇ ಸರ್ವಿಸ್ ಮುಗಿಸಿದವರು. ದೋಣಿಯಲ್ಲಿ ಅರ್ಧ ಗಂಟೆಯೂ ಮನೆಗಳ ಕಡೆ ತಲೆ ಎತ್ತಲಿಲ್ಲ. ಬಗ್ಗಿ ನೀರನ್ನೇ ನೋಡುತ್ತಿದ್ದರು.

'ಹರಿಯಂಗಿಲ್ಲಲ್ಲವ್ವಾ ಇದು. ನಿಂತೈತಿ. ಕೆಳಗ ಹೂಳು ಎಷ್ಟಿರಬೇಕು?'

ದೋಣಿಯವನು ಮೂರು ಭಾಷೆಯಲ್ಲಿ ಮಾತಾಡುತ್ತಿದ್ದ. ಹೂಳಿನ ಪ್ರಶ್ನೆಯನ್ನು ಅವನ ಮುಂದಿಡಲು ನನಗೆ ಸಂಕೋಚ. ಹಾಗಾಗಿ ಬೆಗೈನ್ ಎನ್ನುವ ಕ್ರೈಸ್ತ ಹೆಂಗಸರ ಆಶ್ರಮದ ಪಕ್ಕದ ಕೆರೆ ಹತ್ತಿರ, ಬೆಂಚಿನ ಮೇಲೆ ಕೂತು, ನನಗೆ ಗೊತ್ತಿದ್ದಷ್ಟು ನಾನೇ ಹೇಳಿದೆ. ಅಪ್ಪನ ಮಂಡಿ ಅಷ್ಟು ಹೊತ್ತಿಗೆ ಸೋತಿತ್ತು. ಕಲ್ಲು ಹಾಸಿನ ಬೀದಿ ನೋಡಲು ಚೆಂದ, ನಡೆಯಲು ಅಲ್ಲ.

1134ರಲ್ಲಿ ಒಂದು ಬಿರುಗಾಳಿಗೆ ಕಡಲು ಒಳಗೆ ನುಗ್ಗಿ ಜ್ವಿನ್ ಎನ್ನುವ ಅಳಿವೆ ತೆರೆದುಕೊಂಡಿತು. ದೊಡ್ಡ ಹಡಗುಗಳು ಪಕ್ಕದ ಡಾಮೆ ಎನ್ನುವ ಊರಿನವರೆಗೆ ಬರುತ್ತಿದ್ದವು, ಅಲ್ಲಿಂದ ಸಣ್ಣ ದೋಣಿಗಳಲ್ಲಿ ಸರಕು ಊರೊಳಗೆ. ಇಂಗ್ಲೆಂಡಿನ ಉಣ್ಣೆ ಬಂತು. ವೆನಿಸ್‌ನವರು ಮೆಣಸು ತಂದರು. ಮೆಣಸು ಅಂದರೆ ನಮ್ಮ ಘಟ್ಟದ ಕಡೆಯದೇ ತಾನೇ. ಆಮೇಲೆ ಜ್ವಿನ್ ಹೂಳು ತುಂಬುತ್ತಾ ಬಂತು. 1500ರ ಹೊತ್ತಿಗೆ ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಆಂಟ್‌ವರ್ಪಿಗೆ ಹೋದರು.

'ಹೂಳು ತೆಗೀಲಿಲ್ಲೇನು?'

ಪ್ರಯತ್ನ ಪಟ್ಟರಂತೆ, ಆಗಲಿಲ್ಲ ಎಂದೆ.

'ಆಗಂಗಿಲ್ಲ,' ಎಂದರು ಅಪ್ಪ. ಆ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತೇನೋ. 'ನಮ್ಮ ಡ್ಯಾಮು 133 ಟಿಎಂಸಿ ಹಿಡೀತಿತ್ತು. ಈಗ 105. ತೆಗೆದ ಹೂಳು ಎಲ್ಲಿ ಹಾಕ್ತಿ? ಅದಕ್ಕ ನವಲಿಯಾಗ ಇನ್ನೊಂದು ಕಟ್ಟೂಣು ಅಂತಾರ. ಕಟ್ಟಲಿ ನೋಡೂಣು.' ಹೋದ ವರ್ಷ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಅಪ್ಪ ಟಿವಿ ಬಿಟ್ಟು ಏಳಲಿಲ್ಲ, ಊಟಾನೂ ಅಲ್ಲೇ. ನೆನಪಿದೆಯಲ್ಲ, ಆಗ ಬರೆದಿದ್ದೆ.

ವ್ಯಾಪಾರ ಹೋದ ಮೇಲೆ ಊರಿನಲ್ಲಿ ದುಡ್ಡಿರಲಿಲ್ಲ. ಹಳೆ ಮನೆ ಕೆಡವಿ ಹೊಸದು ಕಟ್ಟುವ ಶಕ್ತಿ ಇರಲಿಲ್ಲ, ಹಾಗಾಗಿ ಇದೆಲ್ಲ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಹಳೆಯ ಥರ ಕಾಣಲಿ ಎಂದು 19ನೇ ಶತಮಾನದಲ್ಲಿ ಹೊಸದಾಗಿ ಮಾಡಿದ ಮುಖಗಳೂ ಬೇಕಾದಷ್ಟಿವೆ. ಆದರೆ ಅಪ್ಪನಿಗೆ ಮೊದಲ ಮಾತೇ ಹಿಡಿಸಿತು. ಅವರನ್ನು ನಗಿಸೋಣ ಅಂತ ಬಿಯರ್ ಪೈಪಿನ ಕಥೆ ಹೇಳಿದೆ. ಡೆ ಹಾಲ್ವೆ ಮಾನ್ ಎನ್ನುವ ಬ್ರೂವರಿಯವರು ಲಾರಿಗಳು ಕಿರಿದಾದ ಓಣಿಯಲ್ಲಿ ಓಡಾಡುವುದು ಬೇಡ ಎಂದು 2016ರಲ್ಲಿ ಊರಿನ ಕೆಳಗೇ ಮೂರು ಕಿಲೋಮೀಟರಿಗೂ ಜಾಸ್ತಿ ಪೈಪ್ ಎಳೆದಿದ್ದಾರೆ. ಬಾಟಲಿ ತುಂಬುವ ಕಡೆಗೆ ಬಿಯರ್ ಅದರಲ್ಲೇ ಹೋಗುತ್ತದೆ. ಅಪ್ಪ ನಗಲಿಲ್ಲ. 'ಡಯಾಮೀಟರ್ ಎಷ್ಟು?' ಎಂದು ಕೇಳಿದರು.

ಅದರ ಬೆನ್ನಿಗೇ, ಅದೇ ದನಿಯಲ್ಲಿ: 'ಗಂಗಾವತಿ ಮನಿ ಕೊಟ್ಟುಬಿಡಬೇಕಂತ ಮಾಡೀನಿ.'

ಯಾರಿಗೆ, ಯಾವಾಗ, ಯಾಕೆ ಅಂತ ನಾನು ಕೇಳುವ ಹೊತ್ತಿಗೆ ಒಂದು ದೋಣಿ ತುಂಬ ಚೀನಾದವರು ನಮಗೆ ಕೈ ಬೀಸಿದರು. ಅಪ್ಪ ಎದ್ದು ನಿಂತು ಅವರಿಗೆ ಕೈ ಬೀಸಿದರು. ಕೂತ ಮೇಲೆ 'ನಿಮ್ಮವ್ವಗ ಇನ್ನೂ ಹೇಳಿಲ್ಲ. ನೀನೂ ಹೇಳಬ್ಯಾಡ' ಎಂದರು ಅಷ್ಟೇ. ಮೆಟ್ಟಿಲು ಹತ್ತಕ್ಕೆ ಆಗುವುದಿಲ್ಲವಂತೆ. ಬಾಡಿಗೆಯವರು ಸರಿಯಿಲ್ಲವಂತೆ. ಅದು ಎರಡೂ ಹಳೆಯ ಮಾತು, ಯಾವಾಗಲೂ ಹೇಳುತ್ತಿದ್ದರು. ಮನೆ ಕೊಡುವ ಮಾತು ಹೊಸದು. ಬೆಂಗಳೂರಿನಲ್ಲಿ ತಮ್ಮನ ಮನೆ ಇರುವುದು ಹದಿನಾಲ್ಕನೇ ಮಹಡಿಯಲ್ಲಿ. ಅಪ್ಪ ಅಲ್ಲಿ ಬೆಳಗ್ಗೆ ಎದ್ದು ಏನು ನೋಡುತ್ತಾರೆ? ಸ್ವಿಮ್ಮಿಂಗ್ ಪೂಲಾ?

ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರೂ ನಿದ್ದೆ, ಡ್ರೈವ್ ಮಾಡುವವರನ್ನು ಬಿಟ್ಟು. ಅಮ್ಮ ಕೊಂಡ ಲೇಸ್ ಕರವಸ್ತ್ರ ಕೈಯಲ್ಲೇ ಇತ್ತು. 'ನಡುಮನೆ ಟಿವಿ ಮೇಲೆ ಹಾಸ್ತೀನಿ' ಎಂದು ಅಂಗಡಿಯಲ್ಲೇ ಹೇಳಿದ್ದರು. ನಡುಮನೆ ಅಂದರೆ ಗಂಗಾವತಿಯದ್ದೇ.

ಇವತ್ತು ಬೆಳಗ್ಗೆ ಅಪ್ಪ ಏನೂ ಆಗದವರ ಹಾಗೆ ಕಾಫಿ ಕುಡಿದು, ಬ್ರೂಜ್‌ಗೆ ಮತ್ತೆ ಹಡಗು ಬಂತೋ ಇಲ್ವೋ ಎಂದು ಕೇಳಿದರು. 1907ರಲ್ಲಿ ಜೇಬ್ರುಗ್ ಬಂದರು ಮಾಡಿ ಕಾಲುವೆ ತೋಡಿ ಕಡಲಿಗೆ ಸೇರಿಸಿಕೊಂಡರು ಎಂದೆ. 'ನಾಕುನೂರು ವರ್ಷ ತಡ,' ಎಂದು ಪೇಪರ್ ಓದಲು ಮೊಬೈಲ್ ತೆಗೆದರು. ಅಮ್ಮ ಎದುರಿಗೇ ಇದ್ದರು, ಹಾಗಾಗಿ ಮನೆ ವಿಷಯ ಎತ್ತಲು ಆಗಲಿಲ್ಲ. ತಮ್ಮನಿಗೆ ಮೊದಲೇ ಗೊತ್ತಿದೆ ಅಂತ ನನ್ನ ಅನುಮಾನ. ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ, ಅದೂ ಅಲ್ಲದೆ ಮೊನ್ನೆ ಫೋನಿನಲ್ಲಿ ಅವನು ಸುಮ್ನೆ ಎರಡು ಸಲ ಕೇಳಿದ, ಅಪ್ಪ ಏನಾದ್ರೂ ಅಂದ್ರಾ ಅಂತ.