ಕೀನ್ಯಾದ ಹುಡುಗಿ, ನಮ್ಮ ಕೂರಿಗೆ

ಆಫ್ರಿಕಾದ ಹುಡುಗ ಹುಡುಗಿಯರಿಗೆ ಕೃಷಿ ಓದಲು ನಮ್ಮ ಸರ್ಕಾರ ಶಿಷ್ಯವೇತನ ಕೊಡುತ್ತದೆ ಎಂಬ ಮಾತು ಬಂದರೆ ಸಾಕು, ನನ್ನ ಭಾವಮೈದುನನ ಮುಖ ಗಂಟಾಗುತ್ತದೆ. "ನಮ್ಮ ಮಕ್ಕಳಿಗೇ ಹಾಸ್ಟೆಲ್‌ ಸೀಟಿಲ್ಲ, ಅವರಿಗೆ ವಿಮಾನದ ಟಿಕೆಟ್ಟೂ ಕೊಟ್ಟು ಕರೆಸಬೇಕೇ ಭಾವ?" ಮುದ್ದೆ ಮುರಿಯುತ್ತಲೇ ಕೇಳುತ್ತಾನೆ. ಅವನ ಮುಂದಿರುವ ತಟ್ಟೆಯಲ್ಲೇ ಉತ್ತರವಿದೆ.

ರಾಗಿ ಹುಟ್ಟಿದ್ದು ಇಥಿಯೋಪಿಯಾ, ಉಗಾಂಡಗಳ ಎತ್ತರದ ನಾಡಿನಲ್ಲಿ. ಅದು ಸಾವಿರಾರು ವರ್ಷಗಳ ಹಿಂದಿನ ಕಥೆ, ಬಿಡಿ. ಮೊನ್ನೆ ಮೊನ್ನೆಯ ಸಂಗತಿಯನ್ನೇ ನೋಡಿ: ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿಗಳನ್ನು ನಮ್ಮವುಗಳ ಜೊತೆ ಕೂಡಿಸಿ ತೆಗೆದದ್ದೇ ಇಂಡಾಫ್‌ ತಳಿಗಳು. ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆಂದು ಭಾವಮೈದುನ ವರ್ಷವರ್ಷವೂ ಬಿತ್ತುವ ಜಿಪಿಯು-28 ರಾಗಿ ತಳಿಯ ವಂಶದಲ್ಲೂ ಇಂಡಾಫ್‌ ಇದೆ. ಇನ್ನು ಕೃಷಿ ವಿದ್ಯೆಯ ಮಾತಿಗೆ ಬಂದರೆ, 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೆರಿಕ ಸರ್ಕಾರದ ಹಣದಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದವರು ನೆರವಾಗಿದ್ದರು. ಬೀಜವೂ ವಿದ್ಯೆಯೂ ಹೊರಗಿನಿಂದ ಬಂದಿರುವಾಗ, ಕೊಡುವ ಸರದಿ ಬಂದಾಗ ಲೆಕ್ಕ ಕೇಳುವುದು ಯಾವ ನ್ಯಾಯ?

ನಾನು ರಾಗಿ ಪ್ಲಾಟುಗಳಲ್ಲಿ ಫೀಲ್ಡ್‌ ಅಸಿಸ್ಟೆಂಟ್‌ ಆಗಿದ್ದು ನಿವೃತ್ತನಾದವನು. 2008ರಲ್ಲಿ ದೆಹಲಿಯಲ್ಲಿ ಮೊದಲ ಭಾರತ-ಆಫ್ರಿಕಾ ಶೃಂಗಸಭೆ ನಡೆದ ಮೇಲೆ ಕೃಷಿ ಓದಿಗೆಂದೇ ಒಂದು ಫೆಲೋಶಿಪ್‌ ಬಂತು. ವರ್ಷಕ್ಕೆ 50 ಎಂ.ಎಸ್ಸಿ., 25 ಪಿಎಚ್‌.ಡಿ. ಸೀಟುಗಳು. ಆ ದಾರಿಯಲ್ಲಿ ಬಂದ ಹಲವರನ್ನು ಕಂಡಿದ್ದೇನೆ. ಹೆಚ್ಚಿನವರು ಹೊಲಕ್ಕೆ ಬಂದದ್ದು ಫೋಟೊ ತೆಗೆಸಿಕೊಳ್ಳುವುದಕ್ಕೆ. ನಮ್ಮ ಹುಡುಗರೂ ಅಷ್ಟೇ ಅನ್ನಿ.

ಪಶ್ಚಿಮ ಕೀನ್ಯಾದಿಂದ ಪಿಎಚ್‌.ಡಿ. ಮಾಡಲು ಬಂದ ಹುಡುಗಿ ಮಾತ್ರ ಬೇರೆ ಜಾತಿಯ ಪ್ರಾಣಿ. ರಾಗಿಯ ಹೂವು ಅರಳುವುದು ನಸುಕಿಗೂ ಮುಂಚೆ, ಒಂದರಿಂದ ಐದು ಗಂಟೆಯ ನಡುವೆ. ಕೋಳಿ ಕೂಗುವ ಮೊದಲೇ ಟಾರ್ಚ್‌ ಹಿಡಿದು ಪ್ಲಾಟಿನಲ್ಲಿರುತ್ತಿದ್ದಳು. ಎರಡು ತಳಿ ಕೂಡಿಸುವಾಗ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟದಂತೆ ಕೇಸರ ತೆಗೆಯಬೇಕು. ಆದರೆ ಹೂವು ಎಷ್ಟು ಚಿಕ್ಕದೆಂದರೆ ಚಿಮಟದಿಂದ ಒಂದೊಂದರ ಕೇಸರ ಕೀಳುವುದು ಆಗದ ಕೆಲಸ. ಅದಕ್ಕೆ ಹಳಬರು ಕಂಡುಕೊಂಡ ಉಪಾಯ ಬೇರೆ: ಗಂಡು ಮಾಡಬೇಕಾದ ತೆನೆಯನ್ನೂ ಹೆಣ್ಣು ಮಾಡಬೇಕಾದ ತೆನೆಯನ್ನೂ ಮುಖಾಮುಖಿ ಕಟ್ಟಿ ಚೀಲ ತೊಡಿಸಿಬಿಡುವುದು. ಗಂಡಿಗೆ ಗಿಣ್ಣಿನಲ್ಲಿ ನೇರಳೆ ಬಣ್ಣವಿರುವ ತಳಿಯನ್ನೇ ಆರಿಸಿದರೆ, ಮುಂದಿನ ಬೆಳೆಯಲ್ಲಿ ನೇರಳೆಯಾಗಿ ಬಂದ ಸಸಿಯಷ್ಟೇ ನಿಜವಾದ ಸಂಕರ. ಉಳಿದದ್ದನ್ನು ಕಿತ್ತೆಸೆಯಬಹುದು. ಇದನ್ನು ಅವಳಿಗೆ ಕಲಿಸಿದ್ದು ನಾನು. ಪ್ರಬಂಧದಲ್ಲಿ ನನ್ನ ಹೆಸರು ಹಾಕಿದ್ದಾಳೆ, ಒಂದಕ್ಷರ ತಪ್ಪಾಗಿ.

ಅವಳ ಪ್ರಬಂಧವೆಲ್ಲ ಪ್ರಯೋಗಾಲಯದ ವಂಶವಾಹಿ ಗುರುತುಗಳ ಮೇಲೆ. ಆದರೆ ಅವಳು ನಿಂತಲ್ಲೇ ನಿಂತು ನೋಡಿದ್ದು ಸಾಲಾಗಿ ಬೀಜ ಬಿತ್ತುವ ನಮ್ಮ ಕೂರಿಗೆಯನ್ನು. ಅವರ ಕಡೆ ರಾಗಿಯನ್ನು ಬಹುಪಾಲು ಕೈಯಲ್ಲಿ ಚೆಲ್ಲುತ್ತಾರಂತೆ. ರಾಗಿಯ ದಾಯಾದಿಯಾದ ಕಾಡು ಹುಲ್ಲು ಎಳೆಯ ಪೈರಿನ ಹಾಗೆಯೇ ಕಾಣುತ್ತದೆ, ಯಾವುದು ಕಳೆ ಯಾವುದು ಬೆಳೆ ಎಂದು ತಿಳಿಯದೆ ಹೆಂಗಸರು ದಿನಗಟ್ಟಲೆ ಬಗ್ಗಿ ಕೂತಿರುತ್ತಾರೆ. ಸಾಲಿನಲ್ಲಿ ಬಿತ್ತಿದರೆ ಸಾಲಿನಾಚೆ ಇರುವುದೆಲ್ಲ ಕಳೆಯೇ, ಕಣ್ಣು ಮುಚ್ಚಿ ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಹೊಡೆಯಬಹುದು. "ಸರ್‌, ನನ್ನ ಅಮ್ಮನಿಗೆ ಬೇಕಾದದ್ದು ಇದು, ನನ್ನ ಪ್ರಬಂಧವಲ್ಲ" ಎಂದಳು. ಕೂರಿಗೆಯ ಬಟ್ಟಲು, ತಾಳು, ಕೊಳವೆಗಳನ್ನೆಲ್ಲ ಅಳತೆ ತೆಗೆದು ಬರೆದುಕೊಂಡಳು. ಫೆಲೋಶಿಪ್ಪಿನ ಯಾವ ವರದಿಯಲ್ಲೂ ಆ ಪುಟಕ್ಕೆ ಜಾಗವಿಲ್ಲ.

ಶಿಷ್ಯವೇತನ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತಿದ್ದರು. ಪರದೇಶದ ಹುಡುಗಿ ಯಾರ ಹತ್ತಿರ ಕೈಸಾಲ ಕೇಳಬೇಕು? ಕಳೆ ಕೀಳಲು ಬರುತ್ತಿದ್ದ ಹೆಂಗಸರು ಊಟದ ಬುತ್ತಿಯಲ್ಲಿ ಅವಳಿಗೂ ಒಂದು ಮುದ್ದೆ ಹೆಚ್ಚಿಗೆ ಕಟ್ಟಿಕೊಂಡು ಬರತೊಡಗಿದರು. ಅವಳು ಅವರನ್ನು ಅಕ್ಕ ಎನ್ನುತ್ತಿದ್ದಳು, ಬಸ್ಸಾರು ಬಿಸಿಯಾಗಿಲ್ಲವೆಂದು ತಕರಾರನ್ನೂ ಮಾಡುತ್ತಿದ್ದಳು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಅವಳು ಹೊರಡುವಾಗ. ತಾನೇ ಕಟ್ಟಿ, ಚೀಲ ತೊಡಿಸಿ, ಒಕ್ಕಿದ ಬೀಜದಲ್ಲಿ ಒಂದು ಹಿಡಿಯನ್ನೂ ಒಯ್ಯುವಂತಿಲ್ಲ. ಕಾನೂನು ಸುಮ್ಮನೆ ಮಾಡಿದ್ದಲ್ಲ, ಒಪ್ಪುತ್ತೇನೆ. ನಮ್ಮ ಬೇವು, ಅರಿಸಿನಗಳ ಮೇಲೆ ಹೊರಗಿನವರು ಪೇಟೆಂಟ್‌ ಪಡೆದದ್ದನ್ನು ಕಂಡ ದೇಶ ಇದು. 2002ರ ಜೀವವೈವಿಧ್ಯ ಕಾಯ್ದೆ ವಿದೇಶಿಯರಿಗೆ ಬೀಜ ಕೊಡುವ ಮೊದಲು ಅನುಮತಿ ಕೇಳುತ್ತದೆ, ಜೊತೆಗೆ ರೋಗ, ಕೀಟ ಗಡಿ ದಾಟದಂತೆ ತಡೆಯುವ ಸಸ್ಯ ಕ್ವಾರಂಟೈನ್‌ ಬೇರೆ. ಆದರೂ ಆಫ್ರಿಕಾದ ರಾಗಿಯ ಮೊಮ್ಮಗಳು ಆಫ್ರಿಕಾಕ್ಕೆ ಹೋಗಲು ಇಷ್ಟು ತಿಣುಕಬೇಕೇ?

ದಾರಿ ಇಲ್ಲವೆಂದಲ್ಲ. ಆಹಾರ ಬೆಳೆಗಳ ತಳಿ ಹಂಚಿಕೆಗೆ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ, 2004ರಿಂದ ಜಾರಿಯಲ್ಲಿದೆ, ಅದರ ಪಟ್ಟಿಯಲ್ಲಿ ರಾಗಿಯೂ ಇದೆ. ಹೈದರಾಬಾದ್‌ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್‌ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಬೀಜ ಬ್ಯಾಂಕಿನಿಂದ ಒಂದು ಕರಾರಿಗೆ ಸಹಿ ಹಾಕಿ ಬೀಜ ತರಿಸಿಕೊಳ್ಳಬಹುದು. ಆ ಬ್ಯಾಂಕಿನಲ್ಲಿ ಕೀನ್ಯಾದ ರಾಗಿಯೂ ಇದೆ. ಅವಳು ಈಗ ಊರಿನಿಂದ ಅಲ್ಲಿಗೇ ಅರ್ಜಿ ಹಾಕಿದ್ದಾಳೆ. ಇಲ್ಲಿ ಮಾಡಿದ ಸಂಕರಣವನ್ನು ಅಲ್ಲಿ ಮೊದಲಿನಿಂದ ಮಾಡಬೇಕು.

ಫೆಲೋಶಿಪ್‌ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಪೂರ್ತಿ ಮಾಡಿ ಎನ್ನುತ್ತಿದ್ದೇನೆ. ಸೀಟು ಕೊಟ್ಟ ದಿನವೇ ಬೀಜದ ಅನುಮತಿಯ ಅರ್ಜಿಯನ್ನೂ ಹಾಕಿಸಿ. ಕೊನೆಯ ಒಂದು ಹಂಗಾಮನ್ನು ಅವರ ಮಣ್ಣಿನಲ್ಲೇ, ಅವರ ಎರಡು ಮಳೆಗಾಲಗಳಲ್ಲಿ ಒಂದರಲ್ಲಿ ಬೆಳೆಯಲು ಹಣವಿಡಿ. ಅಲ್ಲಿ ಜೋಳ, ರಾಗಿಗಳ ಬೇರಿಗೆ ಅಂಟಿಕೊಳ್ಳುವ ಸ್ಟ್ರೈಗಾ ಕಳೆಯ ಎದುರು ನಮ್ಮ ಪ್ಲಾಟಿನ ಇಳುವರಿ ಲೆಕ್ಕ ಎಷ್ಟು ಉಳಿಯುತ್ತದೋ ನೋಡೋಣ. ಹೊಲ ನೋಡಿಬರಲು ಇಲ್ಲಿಂದಲೂ ಒಬ್ಬರನ್ನು ಕಳಿಸಿ. ಪ್ರೊಫೆಸರರಿಗೆ ಬಿಡುವಿಲ್ಲದಿದ್ದರೆ ನಾನಿದ್ದೇನೆ, ಪಾಸ್‌ಪೋರ್ಟ್‌ ಮಾಡಿಸಿಟ್ಟುಕೊಂಡಿದ್ದೇನೆ.